ಸೇತುವೆಯಿಂದ ಬಿದ್ದ ಕಲ್ಲುಗಳು

ನಮ್ಮೂರಿಗೆ ಸ್ಟೇಷನ್ ಇಲ್ಲ. ಆದರೂ ವರ್ಷಗಟ್ಟಲೆ ನಮ್ಮ ಜನ ಊರ ಬಾಗಿಲಲ್ಲೇ ರೈಲು ಹತ್ತಿ ಇಳಿಯುತ್ತಿದ್ದರು. ಶಿಡ್ಲಘಟ್ಟ ದಾಟಿದ ಮೇಲೆ, ನಮ್ಮ ಹಿಪ್ಪುನೇರಳೆ ತೋಟದ ಪಕ್ಕ, ಹಳ್ಳದ ಮೇಲೊಂದು ಹಳೆಯ ಕಲ್ಲಿನ ಸೇತುವೆ. ರಿಪೇರಿ ಆಗುವ ತನಕ ನಿಧಾನವಾಗಿ ಹೋಗಬೇಕೆಂದು ಅಲ್ಲೊಂದು ಹಳದಿ ಬೋರ್ಡು ನೆಟ್ಟಿದ್ದರು. ರಿಪೇರಿ ಬರಲಿಲ್ಲ, ಬೋರ್ಡಿನ ಬಣ್ಣ ಮಾತ್ರ ಹೋಯಿತು. ರೈಲು ಅಲ್ಲಿ ತೆವಳುವಾಗ ರೇಷ್ಮೆಗೂಡಿನ ಚೀಲ ಹತ್ತಿಸಿ ಮಾರ್ಕೆಟ್ಟಿಗೆ ಹೋಗುವವರು ಹೋಗುತ್ತಿದ್ದರು. ಚಿಕ್ಕಬಳ್ಳಾಪುರದ ಕಾಲೇಜಿನಿಂದ ಬರುವ ನನ್ನ ಮಗಳೂ ಅಲ್ಲೇ ಇಳಿಯುತ್ತಿದ್ದಳು.

ಒಂದು ಸಂಜೆ ಸೊಪ್ಪು ಹೊತ್ತು ಸೇತುವೆಯ ಕೆಳಗೆ ಬರುತ್ತಿದ್ದೆ. ದಾರಿಯಲ್ಲಿ ತೆಂಗಿನಕಾಯಿ ಗಾತ್ರದ ಕಲ್ಲು ಬಿದ್ದಿತ್ತು. ತಲೆಯೆತ್ತಿದರೆ ಕಂಬದಲ್ಲಿ ಹಲ್ಲು ಉದುರಿದಂಥ ಸಂದು. ಬೆರಳು ಹಾಕಿದೆ, ಗಾರೆ ಮರಳಾಗಿ ಸುರಿಯಿತು. ಅಷ್ಟರಲ್ಲಿ ರೈಲು ಬಂತು. ಬಾಗಿಲಲ್ಲಿ ನಿಂತಿದ್ದ ಮಗಳು ನನ್ನನ್ನು ನೋಡಿ ಕೈ ಬೀಸಿದಳು.

ಊರಿಗೆ ಹೇಳಿದೆ. ಸಿಕ್ಕಿದ್ದು ಬೈಗುಳ.

"ಸುಮ್ನಿರಮ್ಮ ತಾಯಿ," ಎಂದರು ಅರಳಿಕಟ್ಟೆಯ ಮೇಲಿದ್ದ ಹಿರಿಯರು. "ರಿಪೇರಿ ಆದ್ರೆ ರೈಲು ಇಲ್ಲಿ ನಿಧಾನ ಮಾಡ್ತದಾ? ಆಮೇಲೆ ಸ್ಟೇಷನ್‌ವರೆಗೂ ಗೂಡಿನ ಚೀಲ ನೀನು ಹೊರ್ತೀಯಾ?"

ಮಗಳೂ ಅವರ ಕಡೆಗೇ. "ಅಷ್ಟು ದೂರ ಬಿಸಿಲಲ್ಲಿ ನಾನು ನಡೀಬೇಕಾ? ನಿನಗ್ಯಾಕಮ್ಮ ಊರ ಉಸಾಬರಿ?"

"ನಡಿಯೇ. ನಿನ್ನ ಕಾಲು ನೋಯ್ಲಿ. ನಿನ್ನ ಹೊತ್ಕೊಂಡು ಬರೋ ಗತಿ ನಂಗೆ ಬೇಡ."

ಮಾರನೆಯ ದಿನ ಆ ಕಲ್ಲನ್ನು ಸೊಪ್ಪಿನ ಬುಟ್ಟಿಯಲ್ಲಿ ಹೊತ್ತು ಹೋಗಿ ಶಿಡ್ಲಘಟ್ಟದ ಸ್ಟೇಷನ್ ಮಾಸ್ಟರರ ಮೇಜಿನ ಮೇಲಿಟ್ಟೆ. ಮೇಜು ಕಿರುಗುಟ್ಟಿತು.

"ಏನಮ್ಮಾ ಇದು?"

"ನಿಮ್ದೇ ಸಾರ್. ಸೇತುವೆಯಿಂದ ಬಿದ್ದಿತ್ತು, ವಾಪಸ್ ತಂದಿದೀನಿ."

"ಸೇತುವೆ ನಮಗೆ ಬರಲ್ಲ. ಇಂಜಿನಿಯರಿಂಗ್‌ನವರು ನೋಡ್ಬೇಕು."

"ಅವರಿಗೆ ಹೇಳಿ. ಅವರು ಬರೋವರೆಗೂ ಬಿದ್ದಿದ್ದನ್ನೆಲ್ಲ ತಂದು ಇಲ್ಲೇ ಇಡ್ತೀನಿ."

ಹೇಳಿದಂತೆ ಮಾಡಿದೆ. ಮಳೆ ಬಿದ್ದಾಗಲೆಲ್ಲ ಕಲ್ಲು ಬಿತ್ತು, ಬಿದ್ದಾಗಲೆಲ್ಲ ಹೊತ್ತೆ. ಪೊಲೀಸರನ್ನು ಕರೆಸುತ್ತೇನೆ ಎಂದರು ಮಾಸ್ಟರು. ಕರೆಸಿ, ಅವರಾದರೂ ಬಂದು ಸೇತುವೆ ನೋಡಲಿ ಎಂದೆ. ಕೊನೆಗೆ ಮಾಸ್ಟರಿಗೂ ಸಾಕಾಗಿ, ಬಾಗಿಲ ಬಳಿ ಬೆಳೆದಿದ್ದ ಗುಡ್ಡೆಯ ಫೋಟೊ ತೆಗೆದು ಮೇಲಿನವರಿಗೆ ಕಳಿಸಿದರು. ಟೋಪಿ ಹಾಕಿಕೊಂಡ ಇಂಜಿನಿಯರುಗಳು ಬಂದರು, ಕಂಬ ತಟ್ಟಿ ನೋಡಿದರು, ತಟ್ಟಿದ ಕಡೆಯೂ ಉದುರಿತು. ಆಮೇಲೆ ಯಾರೂ ತಡಮಾಡಲಿಲ್ಲ.

ಈಗ ಕಂಬಗಳಿಗೆ ಹೊಸ ಕಾಂಕ್ರೀಟು. ಬೋರ್ಡು ಕಿತ್ತಿದ್ದಾರೆ. ರೈಲು ನಮ್ಮೂರನ್ನು ಕಣ್ಣೆತ್ತಿಯೂ ನೋಡದೆ ಓಡಿಹೋಗುತ್ತದೆ. ನಲ್ಲಿ ಹತ್ತಿರ ಹೋದರೆ ಹೆಂಗಸರು ಮುಖ ತಿರುಗಿಸುತ್ತಾರೆ. ತಿರುಗಿಸಲಿ, ನಾನೇನು ಕ್ಷಮೆ ಕೇಳಲು ಹೋಗುವುದಿಲ್ಲ.

ಸಂಜೆ ಮಗಳು ಸ್ಟೇಷನ್ನಿನಿಂದ ನಡೆದು ಬರುತ್ತಾಳೆ. ಚಪ್ಪಲಿ ಮೂಲೆಗೆಸೆದು ನನ್ನನ್ನು ಬೈಯುತ್ತಾಳೆ. ಬೈಯಲಿ. ಮನೆಗೆ ಬಂದು ಬೈಯುತ್ತಾಳಲ್ಲ, ನನಗಷ್ಟೇ ಬೇಕಾಗಿದ್ದದ್ದು.