ಕರಡಿ ಓಡಿಸಿದ ಕೈ

ಕಡಲೇಕಾಯಿ ಹೊಲಕ್ಕೆ ನುಗ್ಗಿದ ಕರಡಿಯನ್ನು ತಗಡಿನ ಡಬ್ಬ ಬಡಿದು ಓಡಿಸಿದ ಕಥೆ ನಿಮಗೆ ಗೊತ್ತು. (ಈ ಅಂಕಣದಲ್ಲೇ ಎರಡು ಸಲ ಕೊಚ್ಚಿಕೊಂಡಿದ್ದೇನೆ.) ಅದೇ ಶೂರ ಹೋದ ತಿಂಗಳು ರೇಷ್ಮೆಹುಳದ ಮುಂದೆ ಬೆವೆತು ನಿಂತಿದ್ದ.

ದೊಡ್ಡೇರಿ ಹತ್ತಿರ ನನ್ನಕ್ಕ ರೇಷ್ಮೆ ಸಾಕುತ್ತಾಳೆ. ಹುಳ ಗೂಡು ಕಟ್ಟಲು ಎರಡೇ ದಿನ ಇದ್ದಾಗ ಕಾಲು ಉಳುಕಿಸಿಕೊಂಡು ಮಂಚ ಹಿಡಿದಳು.

"ಒಂದೊತ್ತು ಸೊಪ್ಪು ಹಾಕ್ಬುಡ್ಲಾ. ಕೈಕಾಲು ತೊಳ್ಕಂಡು ಒಳೀಕೋಗು. ಬಾಯಾಗಿರೋ ಹೊಗೆಸೊಪ್ಪು ಉಗುದ್ಬುಡು, ಹುಳಕ್ಕೆ ಅದು ವಿಷ."

"ಥೂ, ಅಸಹ್ಯ ಕಣಕ್ಕ!"

"ಅಸಹ್ಯನೋ, ಭಯನೋ?"

"ಭಯನಾ? ಕರಡೀನೇ ಓಡ್ಸಿದೋನು ನಾನು!"

(ಗಂಡಸು ಹೆದರಬಾರದು. ಅಸಹ್ಯಪಡಬಹುದು. ಈ ರಿಯಾಯಿತಿ ಕೊಟ್ಟವರ ಹೊಟ್ಟೆ ತಣ್ಣಗಿರಲಿ.)

ಒಳಗೆ ಸಾವಿರಾರು ಬಾಯಿ ಸೊಪ್ಪು ಮೇಯುವ ಸರಸರ ಸದ್ದು. ಬೆರಳುದ್ದದ, ತಣ್ಣನೆಯ, ಮೆತ್ತನೆಯ ಬಿಳಿ ಜೀವಗಳು. ಕಚ್ಚುವುದಿಲ್ಲ, ಗೊತ್ತು. ಕರಡಿ ಕಚ್ಚೀತು ಅಂತ ಹೆದರಿದರೆ ಓಡಬಹುದು. ಹುಳ ಮೈಗೆ ತಾಗೀತು ಅಂತ ಹೆದರಿದವನು ಎಲ್ಲಿಗೆ ಓಡುವುದು? ಧೈರ್ಯಕ್ಕೆ ಮತ್ತೆ ಅಂಗೈಯಲ್ಲಿ ಹೊಗೆಸೊಪ್ಪು ತಿಕ್ಕಿದೆ. ಒಂದು ಸಲವಲ್ಲ, ಮೂರು ಸಲ. ಅದರ ಪುಡಿ ಪಕ್ಕದ ಹಿಪ್ಪುನೇರಳೆ ಸೊಪ್ಪಿನ ರಾಶಿಯ ಮೇಲೆ ಉದುರಿತು. ಹುಳವನ್ನು ನಾನು ಮುಟ್ಟುವುದೇ ಇಲ್ಲವಲ್ಲ, ಕೈ ಯಾಕೆ ತೊಳೆಯಬೇಕು? ಸೊಪ್ಪನ್ನು ದೂರದಿಂದಲೇ ಎಸೆದು ಬಂದೆ.

ಸಂಜೆಗೆ ಹುಳಗಳು ತಲೆಯೆತ್ತಿ, ಹೊರಳಾಡಿ, ಹಸಿರು ನೀರು ಕಕ್ಕಿ ಸತ್ತವು.

ಅಸಹ್ಯಪಟ್ಟಿದ್ದು ನಾನು. ವಾಂತಿ ಮಾಡಿದ್ದು ಅವು. ಹೊಲಸು ಯಾರು ಅಂತ ಇನ್ನೂ ಅನುಮಾನವೇ?

ಅಕ್ಕ ಕುಂಟುತ್ತ ಬಂದಳು. "ಕೈ ತೊಳ್ಕಂಡಿದ್ದೇನ್ಲಾ?"

"ಹೂಂ ಕಣಕ್ಕ."

(ಏಳನೇ ಕ್ಲಾಸಿಗೆ ಸ್ಕೂಲು ಬಿಟ್ಟವನಿಗೂ ಇಷ್ಟು ಸಲೀಸಾಗಿ ಸುಳ್ಳು ಬರುತ್ತದೆ.)

ಪಕ್ಕದ ಮನೆಯಾಕೆ ಅಕ್ಕನಿಗೆ ತೀರ್ಪು ಕೊಟ್ಟೇಬಿಟ್ಟಳು: "ಅವ್ನು ಹಾಕಿದ್ದು ಒಂದೊತ್ತು, ಸಾಕಿದ್ದು ನೀನು. ನಿನ್ ಕೈಗುಣನೇ ಕೆಟ್ಟೋಗೈತೆ ಬುಡಮ್ಮ."

ಮೊದಲು ಊರಲ್ಲಿ ಯಾರ ಮನೆಗೆ ಮರಿಹುಳ ಬಂದರೂ ಮೊದಲ ಹಿಡಿ ಸೊಪ್ಪು ಹಾಕಲು ಅಕ್ಕನೇ ಬೇಕಿತ್ತು. ಈಗ ಯಾರೂ ಕರೆಯುವುದಿಲ್ಲ. ಹಾದಿಯಲ್ಲಿ ಕಂಡರೆ ಹುಳದ ಮನೆ ಬಾಗಿಲು ಮುಂದೆ ಮಾಡಿಕೊಳ್ಳುತ್ತಾರೆ. ಬರಬರುತ್ತ ಅಕ್ಕನೂ ಅದನ್ನೇ ನಂಬಿದಳು. ನಾನು? ಸುಮ್ಮನಿದ್ದೆ. ಕರಡಿ ಓಡಿಸಿದವನು!

ಬರುವ ಭಾನುವಾರ ಅವಳ ಮನೆಗೆ ಹೊಸ ಮರಿಹುಳ ಬರುತ್ತಿವೆ. ನಿನ್ನೆ ಫೋನ್ ಮಾಡಿದ್ದಳು.

"ಮೊದಲ್ನೇ ಸೊಪ್ಪು ನೀನೇ ಬಂದು ಹಾಕ್ಲಾ. ನನ್ ಕೈ ಬ್ಯಾಡ. ನಿಂದು ಕರಡಿ ಓಡ್ಸಿದ್ ಕೈ."

ಅಕ್ಕ ಈ ಅಂಕಣ ತಪ್ಪದೆ ಓದುತ್ತಾಳೆ. ಇದನ್ನೂ ಓದಿ ಹೇಳಕ್ಕ: ನನ್ನ ಕೈ ಕಂಡರೆ ಈಗ ನಿನಗೆ ಬರುವುದು ಭಯವೋ, ಅಸಹ್ಯವೋ?