ಸೀತಾಳೆ ದಂಡೆಗಾಗಿ ಕೊಪ್ಪಕ್ಕೆ ನಡೆದದ್ದು

ಮಗಳಿಗೆ ಹೆಣ್ಣು ಕೂಸು ಹುಟ್ಟಿತು. ಮಗನ ಕಡೆಯಿಂದ ಮೂರೂ ಗಂಡೇ ಆದ ಮೇಲೆ ನಮ್ಮ ಮನೆಯಲ್ಲಿ ಹುಟ್ಟಿದ ಮೊದಲ ಮೊಮ್ಮಗಳು ಅದು. ಸೂಲಗಿತ್ತಿ ಬಾಗಿಲ ಸಂದಿಯಲ್ಲಿ ತಲೆ ಹೊರಗೆ ಹಾಕಿ "ಹೆಣ್ಣು ಕಣ್ರೋ" ಅಂದದ್ದೇ ತಡ, ನಾನು ಕೈಯಲ್ಲಿದ್ದ ಬಿಸಿನೀರಿನ ಚೆಂಬನ್ನು ಕೆಳಗಿಡುವುದನ್ನೂ ಮರೆತು ಜಗುಲಿಗೆ ಓಡಿ ಎಲ್ಲರಿಗೂ ಹೇಳಿದೆ. ಹೇಳಿದ್ದು ಸಾಲದೆ ಕೊಟ್ಟಿಗೆಗೆ ಹೋಗಿ ದನಗಳಿಗೂ ಹೇಳಿ ಬಂದೆ. ಸೊಸೆ ಬಾಯಿಗೆ ಸೆರಗು ಹಿಡಿದು ನಕ್ಕಳು. ನಗಲಿ. ಆ ಖುಷಿ ನನಗೆ ಇವತ್ತಿಗೂ ಹೊಟ್ಟೆಯಲ್ಲಿ ಇದೆ.

ಅದರ ಪಕ್ಕದಲ್ಲೇ ಒಂದು ಸಿಟ್ಟೂ ಇದೆ. ಅದು ಪೂರ್ತಿ ಇಳಿದಿಲ್ಲ. ನಾನು ಓದಿದ್ದು ಎರಡನೇ ಪುಸ್ತಕದ ತನಕ ಮಾತ್ರ, ಆದರೂ ಇದನ್ನು ಬರೆದೇ ತೀರಬೇಕು ಅನ್ನಿಸಿದ್ದು ಆ ಸಿಟ್ಟಿನಿಂದ.

ಎರಡನೇ ದೊಡ್ಡ ಯುದ್ಧ ಶುರುವಾಗುವುದಕ್ಕೆ ಒಂದೆರಡು ವರ್ಷ ಮೊದಲಿನ ಮಾತು. ನನ್ನ ತವರು ಶೃಂಗೇರಿ ಕಡೆ, ಅಡ್ಡಗದ್ದೆಯ ಹತ್ತಿರ. ಅಲ್ಲಿ ನಮ್ಮ ಹೆಂಗಸರಲ್ಲಿ ಒಂದು ಪದ್ಧತಿ. ಹೆಣ್ಣು ಕೂಸನ್ನು ತೊಟ್ಟಿಲಿಗೆ ಹಾಕುವ ದಿನ ತಾಯಿಯ ಸೀತಾಳೆ ದಂಡೆಯ ಗಿಡದಿಂದ ಒಂದು ಕವಲು ಮುರಿದು, ಕೂಸಿನ ಹೆಸರಲ್ಲಿ ಮರಕ್ಕೆ ಕಟ್ಟುತ್ತಾರೆ. ಈ ಗಿಡಕ್ಕೆ ಮಣ್ಣು ಬೇಡ. ಮರದ ತೊಗಟೆಯನ್ನು ಬೇರಿನಿಂದ ಅಪ್ಪಿಕೊಂಡು ಗಾಳಿ ಮಳೆಯಲ್ಲೇ ಬದುಕುತ್ತದೆ. ಮುಂಗಾರಿನ ಮೊದಲ ನಾಲ್ಕು ಹನಿ ಬಿದ್ದರೆ ನಸುಗೆಂಪು ಚುಕ್ಕೆಯ ಬಿಳಿ ಹೂವಿನ ಗೊನೆ, ಹೆಣ್ಣುಮಕ್ಕಳ ಜಡೆಯ ಹಾಗೆ ಕೆಳಕ್ಕೆ ಇಳಿಯುತ್ತದೆ. ಹೂವಿನ ಕಾಲವಾದರೆ ಒಂದು ಗೊನೆಯನ್ನು ತೊಟ್ಟಿಲ ಮೇಲೂ ಕಟ್ಟಬೇಕು. ಹುಡುಗಿ ದೊಡ್ಡವಳಾಗಿ ಮದುವೆಯಾದಾಗ ಅವಳ ಗಿಡ ಅವಳ ಸಂಗಡ ಗಂಡನ ಮನೆಗೆ ಹೋಗುತ್ತದೆ.

ನನ್ನ ಗಿಡವನ್ನು ನನ್ನವ್ವ ತವರಿನ ಮತ್ತಿ ಮರದಿಂದ ತೊಗಟೆಯ ಚಕ್ಕೆಯ ಸಮೇತ ಎಬ್ಬಿಸಿ, ಅಡಿಕೆ ಹಾಳೆಯಲ್ಲಿ ಸುತ್ತಿ ಕೊಟ್ಟಿದ್ದಳು. ಅದನ್ನು ತಂದು ಗಂಡನ ಮನೆಯ ಬೇಲಿ ಬಾಗಿಲು, ಉಣುಗೋಲಿನ ಆಚೆ, ದಾರಿಯ ಬದಿಯ ಹಲಸಿನ ಮರಕ್ಕೆ ಬಾಳೆ ನಾರಿನಿಂದ ನಾನೇ ಕಟ್ಟಿದೆ. ಮಗಳು ಮದುವೆಯಾಗಿ ನರಸಿಂಹರಾಜಪುರಕ್ಕೆ ಹೋಗುವಾಗ ಅವಳದನ್ನು ಒಯ್ದಳು. ಅಲ್ಲಿ ಅವಳ ಅತ್ತೆ ಅದನ್ನು ಬಚ್ಚಲ ಹೊಗೆ ಬರುವ ಜಾಗದಲ್ಲಿ ನೇತು ಹಾಕಿ ಒಣಗಿಸಿದಳು. ತವರಿನ ಮತ್ತಿ ಮರವನ್ನು ಕಂತ್ರಾಟುದಾರರು ಕಡಿದು ಒಯ್ದರು. ಅವ್ವನಿಂದ ಬಂದದ್ದು ಅಂತ ಉಳಿದದ್ದು ನನ್ನ ಹಲಸಿನ ಮರದ ಆ ಒಂದು ಗಿಡ. ಕೂಸಿಗೆ ಕವಲು ಕೊಡಬೇಕಾದದ್ದೂ ಅದರಿಂದಲೇ.

ಹೆರಿಗೆಯಾದ ಮನೆಗೆ ಹತ್ತು ದಿನ ಪುರುಡಿನ ಮೈಲಿಗೆ. ಆ ಮನೆಯಿಂದ ಒಂದು ಹರಳು ಉಪ್ಪು ಕೂಡ ಹೊರಗೆ ಹೋಗುವ ಹಾಗಿಲ್ಲ. ಹನ್ನೊಂದನೇ ದಿನ ಎಲ್ಲರೂ ಮಿಂದು, ಸಂಜೆ ತೊಟ್ಟಿಲ ಶಾಸ್ತ್ರ. ಹತ್ತನೇ ದಿನ ಮಧ್ಯಾಹ್ನ, ಹೂವು ಎಷ್ಟು ಅರಳಿದೆ ನೋಡಿ ಬರೋಣ ಅಂತ ಹಲಸಿನ ಮರದ ಹತ್ತಿರ ಹೋದೆ. ಗಿಡ ಇರಲಿಲ್ಲ. ಗಿಡ ಇದ್ದ ಜಾಗದಲ್ಲಿ ಮರದ ತೊಗಟೆಯನ್ನು ಅಂಗೈ ಅಗಲ ಎಬ್ಬಿಸಿದ್ದರು. ಬಿಳಿ ಮೇಣ ಸುರಿದು ನೊಣ ಮುತ್ತಿತ್ತು.

ನಮ್ಮ ಮನೆಯವರು ಜಗುಲಿಯಲ್ಲಿ ಎಲೆಗೆ ಸುಣ್ಣ ಹಚ್ಚುತ್ತಿದ್ದರು.

"ಹಲಸಿನ ಮರದಲ್ಲಿದ್ದ ಗಿಡ ಎಲ್ಲಿ?"

"ಯಾವ ಗಿಡ?"

"ನನ್ನ ಗಿಡ."

"ಓ ಅದಾ. ನಿನ್ನೆ ಪಟೇಲ್ರು ಒಬ್ರು ದೊರೆಸಾನೀನ ಕರ್ಕೊಂಡು ಬಂದಿದ್ರು. ಗಂಡ ಹೆಂಡ್ತಿ ಹಡಗು ಹತ್ತಿ ಬಂದಾರಂತೆ, ಕಾಡು ಹೂವು ನೋಡಕ್ಕೆ, ನಮ್ಮ ಹಬ್ಬ ಉತ್ಸವ ನೋಡಕ್ಕೆ. ಶೃಂಗೇರಿ ನೋಡ್ಕೊಂಡು ಬಂದು ಕೊಪ್ಪದ ಬಂಗಲೇಲಿ ಇಳ್ಕಂಡಾರೆ. ಆಯಮ್ಮ ಮರದ ಕೆಳಗೆ ನಿಂತು ಬಾಯಿ ಬಿಟ್ಕೊಂಡು ನೋಡ್ತು. ಕಾಡಿನದ್ದಾ ಅಂತ ಕೇಳಿಸ್ತು. ಹೂಂ, ಕಾಡಿನದ್ದೇ, ತಗಳ್ಳಿ ಅಂದೆ."

"ತಗಳ್ಳಿ ಅಂದ್ರಾ."

"ಪಟೇಲ್ರು ಎದುರಿಗೆ ನಿಂತಾರೆ ಮಾರಾಯ್ತಿ. ಒಂದು ಬಂದಳಿಕೆಗೆ ಇಲ್ಲ ಅಂದ್ರೆ ಮರ್ಯಾದೆ ಏನು ಉಳೀತದೆ?"

ಬಂದಳಿಕೆ ಅಂದರೆ ಮರದ ರಸ ಹೀರಿ ಮರವನ್ನೇ ಕೊಲ್ಲುವ ಕಳೆ. ಮೂವತ್ತು ವರ್ಷ ಆ ಮರದ ಕೆಳಗೆ ಕೂತು ಎಲೆ ಅಡಿಕೆ ಹಾಕಿದ ಮನುಷ್ಯನಿಗೆ ನನ್ನ ಗಿಡ ಬಂದಳಿಕೆಯಾಗಿ ಕಂಡಿತ್ತು.

"ನಾನೂ ಈ ಮನೆಗೆ ಬಂದಳಿಕೆ ಹಂಗೇ ಬಂದಿದ್ದು. ನನ್ನನ್ನೂ ಕೊಟ್ಟು ಕಳಿಸಬೇಕಿತ್ತು" ಅಂದೆ.

"ನಿನ್ನನ್ನ ಅವರು ಕೇಳ್ಲಿಲ್ಲ" ಅಂದರು.

ಮಗ ನಕ್ಕ. ನಾನು ಅವನನ್ನು ನೋಡಿದ ಮೇಲೆ ಎದ್ದು ಕೊಟ್ಟಿಗೆಗೆ ಹೋದ. ಪುರುಡಿನ ಒಂಬತ್ತನೇ ದಿನ, ಮನೆಯಿಂದ ಏನೂ ಕೊಡಬಾರದ ದಿನ, ಕೂಸಿಗೆ ಸೇರಬೇಕಾದದ್ದನ್ನೇ ಎತ್ತಿ ಕೊಟ್ಟಿದ್ದರು. ಒಳಗೆ ಮಗಳಿಗೆ ಕೇಳಿಸಿತ್ತು. "ಹೋಗ್ಲಿ ಬಿಡು ಅವ್ವ" ಅಂದಳು. ಅಂದವಳು ಗೋಡೆಯ ಕಡೆ ಮುಖ ತಿರುಗಿಸಿದಳು. ಬಾಣಂತಿ ಅಳಬಾರದು, ಹಾಲು ಕೆಡುತ್ತದೆ ಅನ್ನುತ್ತಾರೆ. ನನಗೆ ಅದೂ ಸೇರಿ ಸಿಟ್ಟು ಬಂತು.

ಮಾರನೇ ದಿನ ಬೆಳಕು ಹರಿಯುವಾಗ ಮಿಂದು ಹೊರಟೆ. ಕೊಪ್ಪಕ್ಕೆ ಎರಡು ಹರದಾರಿ, ಅಂದರೆ ಆರು ಮೈಲಿ. ಆ ದೊರೆ ದೊರೆಸಾನಿ ಅವತ್ತೇ ನರಸಿಂಹರಾಜಪುರಕ್ಕೆ ಹೋಗಿ ಅಲ್ಲಿಂದ ಸಣ್ಣ ರೈಲು ಹತ್ತುವವರಿದ್ದಾರೆ ಅಂತ ಮಗ ಪಟೇಲರ ಮನೆಯಲ್ಲಿ ಕೇಳಿಕೊಂಡು ಬಂದಿದ್ದ. ಅವರು ರೈಲು ಹತ್ತಿದರೆ ಆಮೇಲೆ ಹಡಗು. ಬಸ್ಸಿಗೆ ಕಾಯುವ ತಾಳ್ಮೆ ನನಗಿರಲಿಲ್ಲ. ನಮ್ಮ ಮನೆಯವರು ಹೆಗಲಿಗೆ ಪಂಚೆ ಹಾಕಿಕೊಂಡು ಹತ್ತು ಮಾರು ಹಿಂದೆ ಬಂದರು. ಕರೆದಿರಲಿಲ್ಲ, ಬರಬೇಡಿ ಅಂತಲೂ ಹೇಳಿರಲಿಲ್ಲ.

ಪಟೇಲರು ತಮ್ಮ ಮನೆಯ ಮುಂದೆ ಹಲ್ಲುಜ್ಜುತ್ತಾ ನಿಂತಿದ್ದರು.

"ಎಲ್ಲಿಗೆ ಗೌಡ್ರೆ, ಇಬ್ರೂ ಬೆಳಗಾತ?"

"ಕೊಪ್ಪಕ್ಕೆ. ಅದೇ, ಆ ಗಿಡ" ಅಂದರು ನಮ್ಮ ಮನೆಯವರು.

"ಕೊಟ್ಟಿದ್ದನ್ನ ವಾಪಸ್ಸು ಕೇಳಕ್ಕೆ? ಊರ ಮಾನ ಹೋಗ್ತದೆ ಮಾರಾಯ್ರೆ. ಅವರು ತಮ್ಮ ದೇಶಕ್ಕೆ ಹೋಗಿ ನಮ್ಮನ್ನ ಏನಂತ ಹೇಳ್ಕೊಳ್ಳಬಹುದು?"

ನಾನು ಪಟೇಲರ ಎದುರಿಗೆ ಯಾವತ್ತೂ ಬಾಯಿ ತೆರೆದವಳಲ್ಲ. ಸೆರಗು ಎಳೆದುಕೊಂಡು, ಅವರ ಮನೆಯ ಮಾವಿನ ಮರವನ್ನು ನೋಡುತ್ತಾ ಹೇಳಿದೆ: "ಇಲ್ಲೂ ಮೂರು ದಂಡೆ ಬಿಟ್ಟಾವೆ. ಊರ ಮಾನ ಇದರಲ್ಲಿ ಕೊಡಬಹುದಿತ್ತಲ್ಲ."

"ಅದು ಎತ್ತರದಲ್ಲಿದೆ" ಅಂದರು ಪಟೇಲರು.

"ಏಣಿ ನಮ್ಮನೇಲಿತ್ತು" ಅಂದು ಮುಂದೆ ನಡೆದೆ. ಹಿಂದೆ ನಮ್ಮ ಮನೆಯವರು ಕೆಮ್ಮುವುದು ಕೇಳಿಸಿತು.

ಬಂಗಲೆಯ ಜಗುಲಿಯನ್ನು ಕಂಡಾಗ ನನ್ನ ಕಾಲು ನಿಂತಿತು. ಗೋಡೆಯ ಉದ್ದಕ್ಕೂ ಬಿದಿರು ಬುಟ್ಟಿಗಳು, ಬುಟ್ಟಿಯ ತುಂಬ ಪಾಚಿ, ಪಾಚಿಯೊಳಗೆ ಗಿಡಗಳು. ಒಂದಲ್ಲ ಎರಡಲ್ಲ, ನಲವತ್ತಕ್ಕೆ ಕಡಿಮೆ ಇರಲಿಲ್ಲ. ಎಲ್ಲದಕ್ಕೂ ಒಂದೊಂದು ಕಾಗದದ ಚೂರು ಕಟ್ಟಿತ್ತು. ಒಂದರಲ್ಲೂ ಹೂವು ಉಳಿದಿರಲಿಲ್ಲ. ಹೂವಿನ ಗೊನೆಗಳನ್ನೆಲ್ಲ ಕತ್ತರಿಸಿ, ಕಾಗದದ ನಡುವೆ ಇಟ್ಟು, ಮೇಲೆ ಹಲಗೆ, ಹಲಗೆಯ ಮೇಲೆ ಕಲ್ಲು ಹೇರಿದ್ದರು. ಹಡಗು ಹತ್ತಿ ಹೂವು ನೋಡಲು ಬಂದವರು ಹೂವನ್ನು ಅಪ್ಪಚ್ಚಿ ಮಾಡಿ ಇಟ್ಟಿದ್ದರು.

ದೊರೆ ಗಾಡಿ ಗೊತ್ತು ಮಾಡಲು ಹೋಗಿದ್ದನಂತೆ. ದೊರೆಸಾನಿ ಒಂದು ಕುರ್ಚಿಯಲ್ಲಿ ಕೂತು ಗಿಡವೊಂದರ ಚಿತ್ರ ಬರೆಯುತ್ತಿದ್ದಳು. ನನ್ನ ವಯಸ್ಸೇ ಇರಬೇಕು. ಬೂಟ್ಸಿನ ತುಂಬ ಕೆಸರು, ಮೂಗಿನ ಮೇಲೆ ಬಿಸಿಲಿಗೆ ಸುಲಿದ ಸಿಪ್ಪೆ. ಅವಳ ಅಡಿಗೆಯವನು, ಬಟ್ಲರ್, ನಮ್ಮ ಕಡೆಯವನೇ. ಅವನೇ ಎರಡೂ ಕಡೆಯ ಮಾತು ದಾಟಿಸಬೇಕಾಯಿತು.

"ನನ್ನ ಗಿಡ ಇವರ ಹತ್ರ ಇದೆ. ಕೊಡಕ್ಕೆ ಹೇಳು."

ಅವನು ಹೇಳಿದ. ದೊರೆಸಾನಿ ಪೆನ್ಸಿಲಿನಿಂದ ನಮ್ಮ ಮನೆಯವರ ಕಡೆ ತೋರಿಸಿ ಏನೋ ಅಂದಳು.

"ಇವರೇ ಕೊಟ್ಟಿದ್ದಂತಲ್ಲಮ್ಮ. ಕಾಡಿನದ್ದು ಅಂತ ಇವರೇ ಹೇಳಿದ್ರಂತೆ."

ಎಲ್ಲರೂ ಅವರನ್ನು ನೋಡಿದೆವು. ಅವರು ಬಂಗಲೆಯ ಹೆಂಚು ಎಣಿಸುತ್ತಿದ್ದರು.

"ಇವರಿಗೆ ಗೊತ್ತಿಲ್ಲ. ಪುರುಡಿನ ಮನೆಯಿಂದ ಕೊಟ್ಟಾರೆ. ಒಂಬತ್ತನೇ ದಿನ."

ಬಟ್ಲರ್ ಈ ಮಾತನ್ನು ದಾಟಿಸಲಿಲ್ಲ. ಕೈಯನ್ನು ಕೋಟಿಗೆ ಒರೆಸಿಕೊಂಡ. "ಪುರುಡಿನದ್ದಾ? ನಾನೇ ಅಲ್ವಾ ಮುಟ್ಟಿ ಬುಟ್ಟಿಗೆ ಹಾಕಿದ್ದು. ಮೊದಲು ತಗೊಂಡು ಹೋಗಿ ಅಮ್ಮ. ಯಾವುದು ಹೇಳಿ, ನಾನು ಅದನ್ನ ಗಾಡಿಗೆ ಹಾಕಾದಿಲ್ಲ" ಅಂದ. ಆಮೇಲೆ ದೊರೆಸಾನಿಗೆ ಬಹಳ ಹೊತ್ತು ಏನೇನೋ ಹೇಳಿದ. ನನಗಿಂತ ಅವನಿಗೇ ಅವಸರ ಜಾಸ್ತಿಯಾಗಿತ್ತು.

ದೊರೆಸಾನಿ ಒಪ್ಪಲಿಲ್ಲ. ಇಷ್ಟರಲ್ಲಿ ನಿನ್ನದು ಯಾವುದು, ಅದು ಕಾಡಿನದ್ದಲ್ಲ ಅನ್ನಲು ಗುರುತೇನು ಅಂತ ಕೇಳಿದಳು. ಕೇಳಿದ್ದು ತಪ್ಪಲ್ಲ. ಹೂವಿಲ್ಲದ ಮೇಲೆ ಎಲ್ಲವೂ ಒಂದೇ ಥರ. ನಾನು ನೆಲಕ್ಕೆ ಕೂತು ಒಂದೊಂದೇ ಗಿಡದ ಬೇರಿನೊಳಗೆ ಬೆರಳು ಹಾಕುತ್ತಾ ಬಂದೆ. ಆರು ಬುಟ್ಟಿ ಆಯಿತು, ಸಿಗಲಿಲ್ಲ. ಏಳನೆಯದರಲ್ಲೂ ಇಲ್ಲ. ಕೊನೆಗೆ ನೋಡಿದರೆ ಅವಳು ಚಿತ್ರ ಬರೆಯಲು ಎದುರಿಗೆ ಇಟ್ಟುಕೊಂಡದ್ದೇ ನನ್ನದು. ಮೇಲೆ ಹಸಿ ಹಲಸಿನ ತೊಗಟೆ, ಮೇಣ ಇನ್ನೂ ಅಂಟುತ್ತಿತ್ತು. ಅದರೊಳಗೆ, ಬೇರಿನ ಗಂಟಿನ ನಡುವೆ, ಅವ್ವ ಕೊಟ್ಟ ಮತ್ತಿ ಚಕ್ಕೆ.

"ಹಲಸಿನ ಮರದ ಹೊಟ್ಟೇಲಿ ಮತ್ತಿ ಮರ ಹುಟ್ಟತದಾ ಅಂತ ಕೇಳು ಅವಳನ್ನ."

ದೊರೆಸಾನಿ ಭೂತಗನ್ನಡಿ ಹಿಡಿದು ಬಗ್ಗಿ ನೋಡಿದಳು. ಚಕ್ಕೆಯನ್ನು ಉಗುರಿನಿಂದ ಕೆರೆದಳು, ಮೂಸಿದಳು. ಆಮೇಲೆ ಗಿಡಕ್ಕೆ ಕಟ್ಟಿದ್ದ ಕಾಗದದ ಚೂರನ್ನು ಬಿಚ್ಚಿ, ಅದರಲ್ಲಿ ಬರೆದದ್ದನ್ನು ಗೀಟು ಹಾಕಿ ಹೊಡೆದು, ನನ್ನ ಕಡೆ ತಿರುಗಿ ಮೆಲ್ಲಗೆ ಮಾತಾಡಿದಳು.

"ತಿಳೀದೆ ಆಯ್ತು ಅಂತಾರೆ. ಚಿತ್ರ ಅರ್ಧ ಆಗಿದೆಯಂತೆ. ಮುಗಿಸಿ ಕೊಡ್ತಾರಂತೆ, ಸ್ವಲ್ಪ ಕೂತ್ಕಬೇಕಂತೆ."

ಮನೆಯಲ್ಲಿ ತೊಟ್ಟಿಲ ಶಾಸ್ತ್ರ ಇಟ್ಟುಕೊಂಡು ನಾನು ಅವಳ ಚಿತ್ರಕ್ಕೆ ಕಾಯಬೇಕಾಯಿತು. ಬಿಸಿಲು ಜಗುಲಿ ಬಿಟ್ಟು ಮೆಟ್ಟಿಲಿಗೆ ಇಳಿಯಿತು. ಅವಳು ಎಲೆಯ ಒಂದೊಂದು ಗೆರೆಯನ್ನೂ ನೋಡಿ ನೋಡಿ ಬರೆದಳು. ಅಷ್ಟು ಚೆನ್ನಾಗಿ ನೋಡುವ ಕಣ್ಣಿದ್ದೂ, ಕಿತ್ತುಕೊಳ್ಳುವ ಮೊದಲು ಆ ಮನೆಯ ಹೆಂಗಸನ್ನು ಒಂದು ಮಾತು ಕೇಳಬೇಕು ಅಂತ ತಿಳಿಯಲಿಲ್ಲವಲ್ಲ ಅಂತ ನನಗೆ ಹೊಟ್ಟೆ ಉರಿಯಿತು. ಬರೆಯುತ್ತಲೇ ಇನ್ನೊಂದು ಪ್ರಶ್ನೆ ಹಾಕಿದಳು. ಹೆಣ್ಣು ಮಗುವಿಗೆ ಗಿಡ ಕಟ್ಟುವ ಹಬ್ಬ ಯಾವಾಗ, ಒಂದು ದಿನ ಇಲ್ಲೇ ಉಳಿದು ನೋಡಬಹುದೇ, ಅಂತ.

"ಬರಾದಾದ್ರೆ ಈಗಲೇ ಬಂದು ಕಾಯಿ ತುರೀಲಿ, ಮನೇಲಿ ಕೈ ಸಾಲದು ಅಂತ ಹೇಳು" ಅಂದೆ.

ಬಟ್ಲರ್ ಏನು ಹೇಳಿದನೋ, ದೊರೆಸಾನಿ ನಗುತ್ತಾ ಎರಡು ಸಲ ತಲೆ ಬಗ್ಗಿಸಿದಳು. ಬರಲಂತೂ ಇಲ್ಲ.

ಗಿಡವನ್ನು ನಮ್ಮ ಮನೆಯವರ ಪಂಚೆಯಲ್ಲಿ ಸುತ್ತಿಕೊಂಡು ಹೊರಟೆವು. ಮೆಟ್ಟಿಲು ಇಳಿಯುವಾಗ ತಿರುಗಿ ನೋಡಿದೆ. ಉಳಿದ ಬುಟ್ಟಿಗಳಲ್ಲಿ ಯಾರ ಯಾರ ಮನೆಯದು ಇತ್ತೋ. ನಿಜವಾಗಿ ಕಾಡಿನದು ಎಷ್ಟೋ, ಯಾವ ಗಂಡಸರು ತಗಳ್ಳಿ ಅಂದದ್ದು ಎಷ್ಟೋ. ನಾನು ನನ್ನದನ್ನು ಮಾತ್ರ ಕೇಳಿ ತಂದೆ. ಹತ್ತಿರದ ನಾಲ್ಕು ಮನೆಗಾದರೂ ಹೇಳಿ ಕಳಿಸಬಹುದಿತ್ತು. ತೊಟ್ಟಿಲಿನ ಅವಸರದಲ್ಲಿ ನನಗೆ ಅದು ಹೊಳೆಯಲೇ ಇಲ್ಲ. ಈಗ ಅದಕ್ಕೂ ಸಿಟ್ಟು, ನನ್ನ ಮೇಲೇ.

ಅರ್ಧ ದಾರಿ ನಡೆದಿದ್ದೆವು.

"ನಿನ್ನವ್ವ ಕೊಟ್ಟಿದ್ದಾ ಇದು?" ಅಂದರು ನಮ್ಮ ಮನೆಯವರು ಹಿಂದಿನಿಂದ.

"ಹೂಂ."

"ಒಂದು ಮಾತು ಹೇಳಬೇಕಿತ್ತು."

"ಹೇಳಿದ್ದೆ. ಈ ಮನೆಗೆ ಬಂದ ಮರುದಿನ, ಗಿಡ ಕಟ್ಟುವಾಗ. ನೀವು ಹೂಂ ಅಂದಿದ್ರಿ."

ಅವರು ಬೇಗ ಹೆಜ್ಜೆ ಹಾಕಿ ನನ್ನ ಪಕ್ಕಕ್ಕೆ ಬಂದರು. "ಕೆಲವು ಸಲ ಸುಮ್ಮನೆ ಹೂಂ ಅಂತೀನಿ" ಅಂದರು.

"ಅದು ಗೊತ್ತು" ಅಂದೆ.

ಮನೆ ಮುಟ್ಟಿದಾಗ ಮಧ್ಯಾಹ್ನ ತಿರುಗಿತ್ತು. ಸೊಸೆ ಒಬ್ಬಳೇ ಅಷ್ಟೂ ಅಡಿಗೆ ಮಾಡಿ ಮುಗಿಸಿದ್ದಳು. ನರಸಿಂಹರಾಜಪುರದಿಂದ ಅಳಿಯ ಬಂದಿದ್ದ. ನಾನು ಕವಲು ಮುರಿದು ಕೂಸಿನ ಹಣೆಗೆ ಒಂದು ಸಲ ಮುಟ್ಟಿಸಿ, ದಾರಿಯ ಬದಿಯ ಹಲಸಿನ ಮರ ಬಿಟ್ಟು ಹಿತ್ತಿಲ ಮಾವಿನ ಮರಕ್ಕೆ ಒಯ್ದೆ. ನನ್ನ ಗಿಡವನ್ನೂ ಅಲ್ಲಿಗೇ ಎತ್ತಿದೆ. ನಮ್ಮ ಮನೆಯವರು ಏಣಿ ಹಿಡಿದರು. ಬಾಳೆ ನಾರು ಎಷ್ಟು ಸುತ್ತು ಹಾಕಬೇಕು, ಗಂಟು ಎಲ್ಲಿ ಬರಬೇಕು ಅಂತ ಕೇಳಿದರು. ಹೇಳಿದೆ. ಈ ಸಲ ಬರೀ ಹೂಂ ಅನ್ನದೆ ಒಂದು ಗಂಟು ತಾವೇ ಹಾಕಿದರು. ಸಡಿಲವಾಗಿತ್ತು, ನಾನು ಬಿಚ್ಚಿ ಮತ್ತೆ ಹಾಕಿದೆ.

ತೊಟ್ಟಿಲ ಮೇಲೆ ಕಟ್ಟಲು ಹೂವಿರಲಿಲ್ಲ. ಅದು ಕೊಪ್ಪದಲ್ಲಿ ಕಲ್ಲಿನ ಕೆಳಗೆ ಇತ್ತು. ನನ್ನ ಮೊಮ್ಮಗಳು ಹೂವಿನ ಕಾಲದಲ್ಲಿ ಹುಟ್ಟಿಯೂ ಹೂವಿಲ್ಲದ ತೊಟ್ಟಿಲು ಹತ್ತಿದಳು. ಅದನ್ನು ನಾನು ಮರೆಯುವವಳಲ್ಲ.

ನಮ್ಮಲ್ಲಿ ಗಂಡಸರು ಉಂಡೆದ್ದ ಮೇಲೆ ಹೆಂಗಸರ ಊಟ. ಅವತ್ತು ಸಂಜೆ ನನ್ನ ಕಾಲು ಸೋತಿತ್ತು. ಯಾರನ್ನೂ ಕೇಳದೆ ಒಂದೇ ಸಾಲಿನಲ್ಲಿ ಎಲ್ಲರಿಗೂ ಎಲೆ ಹಾಕಿ, ಸೊಸೆಯನ್ನು ಪಕ್ಕಕ್ಕೆ ಎಳೆದು ಕೂರಿಸಿಕೊಂಡು ನಾನೂ ಕೂತೆ. ಮಗ, ಅಳಿಯ, ಮೊಮ್ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿದರು. ಮಗಳ ಎಲೆ ಬಾಣಂತಿ ಕೋಣೆಯ ಹೊಸಿಲ ಒಳಗೆ, ಕೂಸು ಅವಳ ತೊಡೆಯ ಮೇಲೆ. ಬಡಿಸುವವರು ಯಾರೂ ಇರಲಿಲ್ಲ.

ನಮ್ಮ ಮನೆಯವರು ಒಂದು ಗಳಿಗೆ ತಮ್ಮ ಎಲೆಯನ್ನು ನೋಡಿದರು. ಆಮೇಲೆ ಎದ್ದು ಪಂಚೆ ಎತ್ತಿ ಕಟ್ಟಿ, ಒಳಗಿನಿಂದ ಹಲಸಿನ ಹಣ್ಣಿನ ಕಡುಬಿನ ಪಾತ್ರೆ ತಂದರು. ಹೊಸಿಲ ಹತ್ತಿರದಿಂದ ಶುರು ಮಾಡಿ ಸಾಲಾಗಿ ಬಡಿಸಿದರು.

"ಅಪ್ಪಯ್ಯ, ನಿಮಗೆ ಉಳಿಸ್ಕಳ್ಳಿ" ಅಂದಳು ಮಗಳು.

"ಉಳೀತದೆ, ಉಣ್ಣು" ಅಂದರು. ಪಾತ್ರೆ ಕೆಳಗಿಟ್ಟು ತಮ್ಮ ಎಲೆಗೂ ಎರಡು ಹಾಕಿಕೊಂಡು ಕೂತರು. ಎಲ್ಲರೂ ಉಣ್ಣಲು ಶುರು ಮಾಡಿದೆವು.

"ತುಪ್ಪ ಸಾಲದು" ಅಂದೆ ನಾನು.

ಅವರು ಮತ್ತೆ ಎದ್ದು ತುಪ್ಪದ ಗಿಂಡಿ ತಂದರು.