ಬೂರುಗದ ಬಾಟಲಿ

ಬೇಸಗೆಯಲ್ಲಿ ಅಕ್ಕ ಬೆಳ್ತಂಗಡಿ ಕಡೆಯ ಕಾಡಿಗೆ ಹೋಗಿ, ಎಲೆ ತುಂಬಿದ ಕೊಂಬೆಗಳಿಗೆ ಪ್ಲಾಸ್ಟಿಕ್ ಚೀಲ ಕಟ್ಟುತ್ತಿದ್ದಳು. ಸಂಜೆಗೆ ಚೀಲದೊಳಗೆ ನೀರು ಹನಿಗಟ್ಟಿರುತ್ತಿತ್ತು. ಮರದ ಹೆಸರು ಬರೆದ ಬಾಟಲಿಗಳಲ್ಲಿ ಅದನ್ನು ತುಂಬಿ, ಸಂಶೋಧನೆ ಮಾಡುತ್ತಿದ್ದ ಸಾರ್‌ಗೆ ಕೊಡುವುದು ಅವಳ ಕೆಲಸ. ಒದ್ದೆ ಚೀಲವನ್ನು ನನ್ನ ಮುಂದೆ ಹಿಡಿದು, "ಮರ ಬೆವರ್ತದೆ ಮಾರಾಯ, ಮುಟ್ಟಿ ನೋಡು" ಎನ್ನುತ್ತಿದ್ದಳು.

ಒಂದು ಮಾರ್ಚಿನಲ್ಲಿ ಅವಳಿಗೆ ಜ್ವರ ಬಂತು. ನೀರು ತರಲು ನನ್ನನ್ನು ಕಳಿಸಿದಳು. ನಾನು ಗುಡ್ಡ ಹತ್ತಲಿಲ್ಲ. ಗುಡ್ಡದ ಬುಡದಲ್ಲಿ ಹರಿಯುವ ತೋಡಿನ ನೀರನ್ನೇ ಎಲ್ಲ ಬಾಟಲಿಗಳಿಗೂ ಸ್ವಲ್ಪ ಸ್ವಲ್ಪ ಹಾಕಿ ತಂದೆ. ಅಕ್ಕ ಬೂರುಗದ ಬಾಟಲಿ ಎತ್ತಿ ನೋಡಿ ನಕ್ಕಳು.

"ಬೂರುಗ ಎಲೆ ಉದುರಿಸಿ ಬೋಳಾಗಿ ನಿಂತಿದೆ. ಅದು ಎಲ್ಲಿಂದ ಬೆವರಿತು ಮಾರಾಯ?"

ಎಲ್ಲ ನೀರನ್ನೂ ಅಂಗಳಕ್ಕೆ ಚೆಲ್ಲಿದಳು.

ಸಾರ್ ಬಂದಾಗ, "ನಾನು ಹೋಗ್ಲಿಲ್ಲ ಸಾರ್. ಈ ವಾರದ್ದು ಇಲ್ಲ" ಎಂದಳು. ಹೇಳದೆ ತಪ್ಪಿಸಿದಳೆಂದು ಅವರು ಆ ಕೆಲಸವನ್ನು ಮೂಡುಬಿದಿರೆಯ ಬೇರೊಬ್ಬರಿಗೆ ಕೊಟ್ಟರು. ನಾನು ಪಕ್ಕದಲ್ಲೇ ನಿಂತಿದ್ದೆ.

ಮರುದಿನ ಅಕ್ಕ ಅಂಗಳದ ಹಲಸಿಗೆ ಚೀಲ ಕಟ್ಟಿದಳು. ಸಂಜೆ ಬಿಚ್ಚಿ, ಎಂದಿನಂತೆಯೇ ನನ್ನ ಮುಂದೆ ಹಿಡಿದು, "ಮುಟ್ಟಿ ನೋಡು" ಎಂದಳು.

ನನಗೆ ಕೈ ಚಾಚಲು ಆಗಲಿಲ್ಲ.